ಮಳೆಗಾಲದ ಅರ್ಜಿಗಳು

ವಿಶ್ವವಿದ್ಯಾನಿಲಯಗಳು ಇಟ್ಟುಕೊಂಡ ಪಂಚಾಂಗ ಒಂದು, ಕರಾವಳಿಯ ಮನೆಗಳು ತಲೆತಲಾಂತರದಿಂದ ನಡೆಸಿಕೊಂಡು ಬಂದ ಪಂಚಾಂಗ ಇನ್ನೊಂದು. ಈ ಎರಡನೆಯದರಲ್ಲಿ ವರ್ಷದ ದುಡಿಮೆಯೆಲ್ಲ ಒಂದು ದಡಕ್ಕೆ ಬಂದು ಸೇರುವುದು ಪತ್ತನಾಜೆಯ ಹೊತ್ತಿಗೆ. ತುಳು ಪಂಚಾಂಗದ ಬೇಶ ತಿಂಗಳ ಆ ಹತ್ತನೆಯ ದಿನ, ಎಂದರೆ ಮೇ ತಿಂಗಳ ಕೊನೆಯ ವಾರಕ್ಕೆ, ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುವುವು; ಕೋಲ ನೇಮಗಳು ನಿಲ್ಲುವುವು; ಮಲ್ಪೆಯ ಬೋಟುಗಳು ಒಂದೊಂದಾಗಿ ದಕ್ಕೆಗೆ ಬಂದು ಬಲೆಗಳನ್ನು ಇಳಿಸುವುವು; ಮನೆಯೊಳಗೆ ಅಕ್ಕಿ, ಸೌದೆ, ಒಣಮೀನು, ಹಪ್ಪಳ, ಉಪ್ಪಿನಕಾಯಿಗಳನ್ನು ಕೂಡಿಟ್ಟುಕೊಂಡು, ಕೈಯಲ್ಲಿ ಉಳಿದ ಕಾಸನ್ನು ಮಾಡಿನ ಹಂಚಿಗೂ ಮಳೆಗಾಲದ ಏಣೆಲು ಬೇಸಾಯಕ್ಕೂ ವೆಚ್ಚಮಾಡಿ, ಜನರು ಮಳೆ ಬಲಿತ ಆಟಿ ತಿಂಗಳ ಅಭಾವವನ್ನು ಎದುರಿಸಲು ಸಿದ್ಧರಾಗುವರು. ಸರಿಯಾಗಿ ಆ ದಿನಗಳಲ್ಲಿಯೇ ವಿದ್ಯಾಲಯಗಳ ಪಂಚಾಂಗವು ತನ್ನ ತಿಥಿಗಳನ್ನು ಸಾರತೊಡಗುತ್ತದೆ: ಅರ್ಜಿಗೆ ಕಡೆಯ ದಿನ, ದಂಡಶುಲ್ಕದೊಡನೆ ಅರ್ಜಿಗೆ ಕಡೆಯ ದಿನ, ಪ್ರಮಾಣಪತ್ರಗಳ ಪರಿಶೀಲನೆಯ ದಿನ, ಹಣ ಕಟ್ಟಬೇಕಾದ ದಿನ. ಅಂಬಲಪಾಡಿಯ ಜನಾರ್ದನ ಮಹಾಕಾಳಿ ದೇವಸ್ಥಾನಕ್ಕೆ ಕೂಗಳತೆಯಲ್ಲಿರುವ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, ಅಧ್ಯಾಪಕನಾಗಿದ್ದಾಗಲೂ ನಿವೃತ್ತನಾದ ಮೇಲೆಯೂ ಊರ ಮಕ್ಕಳ ಅರ್ಜಿಗಳನ್ನು ತುಂಬಿಸಿಕೊಡುತ್ತ ಬಂದ ನನಗೆ, ವಿದ್ಯಾಭ್ಯಾಸವೆಂಬ ಮಾತು ಕಿವಿಗೆ ಬಿದ್ದೊಡನೆ ನೆನಪಾಗುವುದು ಈ ಎರಡು ಪಂಚಾಂಗಗಳ ನಡುವೆ ಸಿಲುಕಿಕೊಂಡ ಹುಡುಗ ಹುಡುಗಿಯರ ಮುಖಗಳೇ.

ನಾನು ಕಾಲೇಜು ಸೇರಿದ್ದು 1962ರಲ್ಲಿ. ಅದಕ್ಕೆ ಒಂದು ತಲೆಮಾರು ಹಿಂದೆ ಉಡುಪಿಯ ಹುಡುಗನಿಗೆ ಕಾಲೇಜೆಂದರೆ ಮಂಗಳೂರು. ಅಲ್ಲಿ 1880ರಲ್ಲಿ ಸ್ಥಾಪಿತವಾದ ಸಂತ ಅಲೋಶಿಯಸ್ ಕಾಲೇಜು, ಇಲ್ಲವೆ ಸರಕಾರಿ ಕಾಲೇಜು. ಅದಕ್ಕೂ ಮೇಲಿನ ವಿದ್ಯೆ ಬೇಕೆನ್ನುವವನು ಮದರಾಸಿನ ದಾರಿ ಹಿಡಿಯಬೇಕಾಗಿತ್ತು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸಂಸ್ಥೆಯನ್ನು ಕಟ್ಟಿದ ಡಾಕ್ಟರ್ ಟಿ. ಎಂ. ಎ. ಪೈಯವರು 1949ರಲ್ಲಿ ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜನ್ನು ತೆರೆಯಿಸಿದುದರಿಂದ ನಮ್ಮ ಗ್ರಾಮಗಳಿಗೆ ಒದಗಿದ ಉಪಕಾರ ಎಂಥದೆಂಬುದನ್ನು, ಆ ಮೊದಲು ಓದು ಅರ್ಧಕ್ಕೆ ನಿಂತುಹೋದ ಹಿರಿಯರ ಬಾಯಿಂದ ಕೇಳಿಯೇ ತಿಳಿಯಬೇಕು. ಆಮೇಲೆ ಮಣಿಪಾಲದಲ್ಲಿ 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು, 1957ರಲ್ಲಿ ಇಂಜಿನಿಯರಿಂಗ್ ಕಾಲೇಜು. 1960ರಲ್ಲಿ ಉಡುಪಿಯಲ್ಲಿ ಪೂರ್ಣಪ್ರಜ್ಞ, ಕಾರ್ಕಳದಲ್ಲಿ ಭುವನೇಂದ್ರ, ಸುರತ್ಕಲ್ಲಿನಲ್ಲಿ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು. ಹೀಗೆ ಹತ್ತು ಹನ್ನೆರಡು ವರ್ಷಗಳ ಒಳಗೆ ವಿದ್ಯೆಯು ನಮ್ಮ ಬಸ್ಸು ಹೋಗುವಷ್ಟು ದೂರಕ್ಕೆ ಬಂದು ನಿಂತಿತು.

ಅಂದಿನ ಪ್ರವೇಶದ ಕ್ರಮವು ಇಂದಿನವರಿಗೆ ಕಥೆಯೆಂದು ತೋರಬಹುದು. ಎಸ್. ಎಸ್. ಎಲ್. ಸಿ. ಫಲಿತಾಂಶ ಬಂದು, ಅಂಕಪಟ್ಟಿಯೂ ವರ್ಗಾವಣೆ ಪತ್ರವೂ ಕೈಸೇರಿದ ತರುವಾಯ, ತೀರ್ಥರೂಪರು ಒಗೆದ ಪಂಚೆಯುಟ್ಟು, ಕೊಡೆ ಹಿಡಿದು, ನನ್ನನ್ನು ಕರೆದುಕೊಂಡು ಕುಂಜಿಬೆಟ್ಟಿಗೆ ನಡೆದೇ ಹೋದರು. ಕಛೇರಿಯಲ್ಲಿ ಅರ್ಜಿ ತುಂಬಿಸಿದೆವು. ಪ್ರಾಂಶುಪಾಲರು ಅಂಕಗಳನ್ನು ನೋಡಿ, ಯಾವ ವಿಷಯಗಳನ್ನು ಓದುವ ಇಚ್ಛೆಯೆಂದು ನನ್ನನ್ನೂ, ಫೀಸು ಕಟ್ಟುವ ಅನುಕೂಲ ಹೇಗೆಂದು ತಂದೆಯವರನ್ನೂ ಕೇಳಿದರು. ಒಟ್ಟು ಹಣವನ್ನು ಒಮ್ಮೆಗೇ ಕಟ್ಟಬೇಕೆಂಬ ನಿರ್ಬಂಧವಿರಲಿಲ್ಲ. ನಮ್ಮ ಮನೆಯಲ್ಲಿ ಆ ಹಣ ಕೂಡಿದ್ದು ಪಿಗ್ಮಿಯಿಂದ: ಮುಂದೆ ಸಿಂಡಿಕೇಟ್ ಬ್ಯಾಂಕೆಂಬ ಹೆಸರು ಪಡೆದ ಉಡುಪಿಯ ಬ್ಯಾಂಕು 1928ರಲ್ಲಿ ಆರಂಭಿಸಿದ ಆ ಉಳಿತಾಯದ ಯೋಜನೆಯಲ್ಲಿ ದಿನಕ್ಕೆ ಎರಡಾಣೆಯಷ್ಟನ್ನು ಮನೆಬಾಗಿಲಿಗೆ ಬರುವ ಏಜೆಂಟರ ಕೈಗೆ ಕೊಡಬಹುದಾಗಿತ್ತು, ನಮ್ಮ ತಾಯಿಯವರು ಹಾಗೆ ಕೊಡುತ್ತ ಬಂದಿದ್ದರು. ಎರಡಾಣೆಯ ಲೆಕ್ಕದಲ್ಲಿ ಕೂಡಿದ ಹಣಕ್ಕೆ ವೇಗವಿರುವುದಿಲ್ಲ. ಕಾಲಾವಕಾಶವೊಂದಿದ್ದರೆ ಅದು ಎಷ್ಟು ದೂರವನ್ನಾದರೂ ತಲುಪಬಲ್ಲುದು. ಆ ಕಾಲಾವಕಾಶವನ್ನು ನನಗೆ ಕಾಲೇಜು ಕೊಟ್ಟಿತು. ಇದರಲ್ಲಿ ನನ್ನ ಯೋಗ್ಯತೆಯ ಪಾಲು ಎಷ್ಟು, ದಿನಾಂಕಗಳ ಔದಾರ್ಯದ ಪಾಲು ಎಷ್ಟು ಎಂಬುದನ್ನು ಮುಂದೆ ಬೇರೆಯವರ ಅರ್ಜಿಗಳನ್ನು ತುಂಬಿಸುತ್ತಿದ್ದಾಗ ಅನೇಕ ಬಾರಿ ಆಲೋಚಿಸಿದ್ದೇನೆ.

ನನಗಿಂತ ಚುರುಕು ಬುದ್ಧಿಯ ಗೆಳೆಯನೊಬ್ಬ ಕಿದಿಯೂರಿನಲ್ಲಿದ್ದ. ಪಿ. ಯು. ಸಿ.ಯಲ್ಲಿ ಗಣಿತದಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಅವನ ತಂದೆ ಮುಂಬಯಿಯ ಹೋಟೆಲೊಂದರಲ್ಲಿ ಅಡುಗೆಯವರು. ತಿಂಗಳಿಗೊಮ್ಮೆ ಬರುವ ಮನಿಯಾರ್ಡರೇ ಮನೆಗೆ ಆಧಾರ. ದೂರದ ನಗರದ ಒಂದು ತಾಂತ್ರಿಕ ಕಾಲೇಜಿಗೆ ಅವನು 1963ರಲ್ಲಿ ಅರ್ಜಿ ಹಾಕಿದ. ಸಂದರ್ಶನಕ್ಕೆ ಬರತಕ್ಕದ್ದೆಂಬ ಕಾಗದವು ಆ ವರ್ಷದ ಆಷಾಢದ ಮಳೆಯಲ್ಲಿ ಎಲ್ಲಿಯೋ ತಂಗಿ, ಸಂದರ್ಶನದ ದಿನ ಕಳೆದ ಮೇಲೆ ಅವನ ಕೈಸೇರಿತು. ಅವನು ಅಲ್ಲಿಗೆ ತಂತಿ ಕಳುಹಿಸಿದ. ಉತ್ತರವಾಗಿ, ನಿಗದಿಯಾದ ದಿನ ಹಾಜರಾಗದವರ ಹೆಸರು ಪಟ್ಟಿಯಿಂದ ತೆಗೆದುಹಾಕಲ್ಪಟ್ಟಿದೆಯೆಂಬ ಅಚ್ಚಿನ ಕಾರ್ಡು ಬಂತು. ಅದೇ ವರ್ಷ ಅವನು ತಂದೆಯವರ ಬಳಿಗೆ ಮುಂಬಯಿಗೆ ಹೋಗಿ, ಹಗಲು ಗಲ್ಲೆಯಲ್ಲಿ ಕುಳಿತು, ರಾತ್ರಿ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಓದಿ, ಒಂದು ಕಂಪನಿಯ ಲೆಕ್ಕಪತ್ರಗಳ ಮುಖ್ಯಸ್ಥನಾಗಿ ನಿವೃತ್ತನಾದ. ಬಾಳು ಕೆಟ್ಟಿತೆನ್ನುವಂತಿಲ್ಲ. ಆದರೆ ಸೇತುವೆಗಳನ್ನು ಕಟ್ಟಬೇಕೆಂದಿದ್ದವನು ಅವನು. ಊರಿಗೆ ಬಂದಾಗಲೆಲ್ಲ ಉದ್ಯಾವರದ ಹೊಳೆಯ ಸೇತುವೆಯ ಬಳಿ ಬಸ್ಸಿನಿಂದ ತಲೆ ಹೊರಹಾಕಿ ಕಂಬಗಳನ್ನು ನೋಡುತ್ತಿದ್ದ. ಬರುವ ಕಾಗದ ತಡವಾದರೆ ಅದರ ಹೊಣೆಯನ್ನು ಅರ್ಜಿದಾರನೊಬ್ಬನೇ ಹೊರಬೇಕೆಂಬ ನಿಯಮವನ್ನು ಬರೆದವರು ಯಾರೋ, ಅವರು ಮಳೆಗಾಲದ ಅಂಚೆಯನ್ನು ಕಾಯ್ದವರಲ್ಲವೆಂಬುದು ನಿಶ್ಚಯ.

ಮುಂದೆ ನಾನು ಅಧ್ಯಾಪಕನಾದೆ. ವೃತ್ತಿಶಿಕ್ಷಣಕ್ಕೆ ಹೋಗುವ ಆಸೆ ಊರಲ್ಲಿ ಹೆಚ್ಚುತ್ತ ಹೋದ ಹಾಗೆಲ್ಲ ಸೀಟೆಂಬುದಕ್ಕೆ ಬೆಲೆ ಕಟ್ಟುವ ಪದ್ಧತಿಯೂ ನಾಡಿನಲ್ಲಿ ಬೆಳೆಯಿತು. ಸರಕಾರವು 1984ರಲ್ಲಿ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯಿದೆಯನ್ನು ಮಾಡಿತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಶುಲ್ಕ ಸಲ್ಲದೆಂದು ತೀರ್ಪು ನೀಡಿ, ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ, ಖಾಸಗಿ ಕಾಲೇಜುಗಳಲ್ಲಿ ಅರ್ಧದಷ್ಟು ಸ್ಥಾನಗಳು ಕಡಿಮೆ ಶುಲ್ಕದವು, ಇನ್ನರ್ಧ ಹೆಚ್ಚು ಶುಲ್ಕದವು, ಎರಡೂ ಅರ್ಹತೆಯ ಕ್ರಮದಲ್ಲಿಯೇ ಸಲ್ಲತಕ್ಕವು ಎಂಬ ವ್ಯವಸ್ಥೆಯನ್ನು ಸೂಚಿಸಿತು. ಅದರ ಫಲವಾಗಿ 1994ರಲ್ಲಿ ಬೆಂಗಳೂರಿನಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಗಾಗಿ ಸಿ. ಇ. ಟಿ. ಘಟಕವು ಸ್ಥಾಪನೆಯಾಯಿತು. ಆ ವ್ಯವಸ್ಥೆಯು ಹಾಗೆಯೇ ಉಳಿಯಲಿಲ್ಲ. 2002ರ ಅಕ್ಟೋಬರ್ 31ರಂದು ಹನ್ನೊಂದು ನ್ಯಾಯಾಧೀಶರ ಪೀಠವು ಕೊಟ್ಟ, ಮಣಿಪಾಲದ ಟಿ. ಎಂ. ಎ. ಪೈ ಪ್ರತಿಷ್ಠಾನದ ಹೆಸರಿನಿಂದಲೇ ಪ್ರಸಿದ್ಧವಾದ ತೀರ್ಪು ಖಾಸಗಿ ಸಂಸ್ಥೆಗಳ ಸ್ವಾತಂತ್ರ್ಯವನ್ನು ವಿಸ್ತರಿಸಿತು. ನ್ಯಾಯಶಾಸ್ತ್ರದ ಆ ಚರ್ಚೆಯನ್ನು ತಿಳಿದವರಿಗೆ ಬಿಟ್ಟು, ಅರ್ಜಿದಾರರ ಜೊತೆ ನಿಂತು ಕಂಡದ್ದನ್ನಷ್ಟೇ ಹೇಳುತ್ತೇನೆ.

ಸಿ. ಇ. ಟಿ. ಕೌನ್ಸೆಲಿಂಗಿಗೆ ಮಕ್ಕಳನ್ನು ಕರೆದುಕೊಂಡು ಘಟ್ಟ ಹತ್ತಿ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವುದು ನನ್ನ ಮಳೆಗಾಲಗಳ ಒಂದು ಅಂಗವೇ ಆಗಿತ್ತು. ಹೊರಡುವ ಮೊದಲಿನ ಸಿದ್ಧತೆ ಸಣ್ಣದಲ್ಲ. ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದ ವ್ಯಾಸಂಗ ಪ್ರಮಾಣಪತ್ರ, ಕನ್ನಡ ಮಾಧ್ಯಮದ ಮೀಸಲಾತಿಗೆ ಅದಕ್ಕೆ ಬೇರೆಯದೇ ಒಂದು, ಇವುಗಳಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು, ತಹಶೀಲ್ದಾರರ ಕಛೇರಿಯಿಂದ ಜಾತಿ ಮತ್ತು ಆದಾಯದ ಪತ್ರ, ಬ್ಯಾಂಕಿನ ಡಿ. ಡಿ. ಪ್ರಾಥಮಿಕ ಶಾಲೆ ಒಂದೂರಲ್ಲಿ, ಪ್ರೌಢಶಾಲೆ ಇನ್ನೊಂದೂರಲ್ಲಿ ಆದವರು ಎರಡು ಕಡೆಗೂ ಓಡಬೇಕು. ಕೂಲಿಗೆ ಹೋಗುವ ತಂದೆಗೆ ಆ ಪ್ರತಿಯೊಂದು ಓಟವೂ ಒಂದು ದಿನದ ಸಂಪಾದನೆಯ ನಷ್ಟ. ಇಷ್ಟಾದರೂ, ಮಲ್ಲೇಶ್ವರದ ಹದಿನೆಂಟನೆಯ ಅಡ್ಡರಸ್ತೆಯ ಆ ಕಟ್ಟಡದಲ್ಲಿ ಕುಳಿತಾಗ ನನಗೆ ಒಂದು ಬಗೆಯ ಗೌರವಭಾವ ಮೂಡುತ್ತಿದ್ದಿತೆಂದು ಹೇಳಬೇಕು. ಅಲ್ಲಿ ಪರದೆಯ ಮೇಲೆ ಯಾವ ಕಾಲೇಜಿನಲ್ಲಿ ಯಾವ ವಿಭಾಗದಲ್ಲಿ ಎಷ್ಟು ಸ್ಥಾನ ಉಳಿದಿದೆಯೆಂಬುದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು, ಪಿ. ಯು. ಸಿ.ಯ ಅಂಕಗಳೂ ಪ್ರವೇಶ ಪರೀಕ್ಷೆಯ ಅಂಕಗಳೂ ಅರ್ಧರ್ಧ ಕೂಡಿ ಬಂದ ರ‍್ಯಾಂಕಿನ ಕ್ರಮದಲ್ಲಿ ಹೆಸರು ಕೂಗುತ್ತಿದ್ದರು. ಕಾಪುವಿನ ದರ್ಜಿಯ ಮಗಳೂ ಬೆಂಗಳೂರಿನ ವೈದ್ಯರ ಮಗನೂ ಒಂದೇ ಸಾಲಿನ ಕುರ್ಚಿಗಳಲ್ಲಿ ತಮ್ಮ ಸರದಿಗೆ ಕಾಯುತ್ತಿದ್ದರು. ಮೊದಲು ಪರೀಕ್ಷೆ, ಬಳಿಕ ಫಲಿತಾಂಶ, ಬಳಿಕ ಆಯ್ಕೆ, ಆಯ್ಕೆಯಾದ ಮೇಲೆಯೇ ಹಣ. ಈ ಅನುಕ್ರಮವನ್ನು ನಾನು ನ್ಯಾಯವೆಂದೇ ಕರೆಯುತ್ತೇನೆ.

ಈ ಅನುಕ್ರಮವನ್ನು ಬುಡಮೇಲು ಮಾಡಿದ್ದು ಮುಂಗಡ ಪ್ರವೇಶ. ಅದು ಯಾವ ವರ್ಷ ನಮ್ಮ ಕಡೆಗೆ ಕಾಲಿಟ್ಟಿತೆಂದು ಬೆರಳಿಟ್ಟು ತೋರಿಸಲಾರೆ; ಸರಕಾರದ ಕೌನ್ಸೆಲಿಂಗು ಮುಗಿಯುವವರೆಗೆ ಕಾದರೆ ಒಳ್ಳೆಯ ವಿದ್ಯಾರ್ಥಿಗಳು ಕೈತಪ್ಪುವರೆಂದು ತಿಳಿದ ಖಾಸಗಿ ಸಂಸ್ಥೆಗಳು, ಒಂದರ ಹಿಂದೊಂದಾಗಿ, ತಮ್ಮ ದಿನಾಂಕಗಳನ್ನು ಜುಲೈಯಿಂದ ಜೂನಿಗೂ, ಜೂನಿನಿಂದ ಮೇಗೂ, ಮೇಯಿಂದ ಏಪ್ರಿಲಿಗೂ ಹಿಂದೆ ಸರಿಸಿದವು. ಸಂಸ್ಥೆಗಳ ಮಟ್ಟಿಗೆ ಇದರಲ್ಲಿ ಒಂದು ಯುಕ್ತಿ ಉಂಟೆಂಬುದನ್ನು ಅಲ್ಲಗಳೆಯಲಾರೆ. ಎಷ್ಟು ಮಕ್ಕಳು ಬರುವರೆಂದು ತಿಳಿಯದೆ ಉಪಾಧ್ಯಾಯರನ್ನು ನೇಮಿಸುವುದಾಗಲಿ ವಸತಿಗೃಹಗಳನ್ನು ಸಿದ್ಧಪಡಿಸುವುದಾಗಲಿ ಸುಲಭವಲ್ಲ. ಆದರೆ ಅನಿಶ್ಚಯವು ನಾಶವಾಗಲಿಲ್ಲ. ಅದು ಸಂಸ್ಥೆಯ ಹೆಗಲಿನಿಂದ ಇಳಿದು ಮನೆಯ ಹೆಗಲಿಗೆ ಏರಿತು. ಫಲಿತಾಂಶದ ಮೊದಲೇ ಹಣ ಕಟ್ಟಿಸಿಕೊಳ್ಳುವ ಸಂಸ್ಥೆ ಮಾರುವುದು ವಿದ್ಯೆಯನ್ನಲ್ಲ, ನಿಶ್ಚಿಂತೆಯನ್ನು. ಅನುಕೂಲಸ್ಥನು ಅದನ್ನು ಕೊಂಡು, ಮುಂದೆ ಬೇಡವೆನಿಸಿದರೆ ಬಿಟ್ಟುಬಿಡಬಲ್ಲ. ಬಡವನು ಅದನ್ನು ಕೊಂಡರೆ ಅದೇ ಅವನ ಕಡೆಯ ಕ್ರಯ.

2008ರ ಒಂದು ಪ್ರಕರಣ ನನ್ನ ಮನಸ್ಸಿನಿಂದ ಮರೆಯಾಗದು. ಕಡೆಕಾರಿನ ಹುಡುಗಿ, ತಂದೆ ಮಲ್ಪೆಯ ಬೋಟಿನಲ್ಲಿ ದುಡಿಯುವವರು, ತಾಯಿ ಮನೆಯಲ್ಲಿ ಮಲ್ಲಿಗೆ ಕಟ್ಟುವವರು. ಆ ವರ್ಷದ ಏಪ್ರಿಲಿನಲ್ಲಿ, ಪಿ. ಯು. ಸಿ. ಫಲಿತಾಂಶವೂ ಸಿ. ಇ. ಟಿ. ಪರೀಕ್ಷೆಯೂ ಇನ್ನೂ ಮುಂದಿರುವಾಗಲೇ, ಜಿಲ್ಲೆಯ ಹೊರಗಿನ ಒಂದು ಇಂಜಿನಿಯರಿಂಗ್ ಕಾಲೇಜಿನಿಂದ ಕಾಗದ ಬಂತು: ತಿಂಗಳ ಕೊನೆಯೊಳಗೆ ಮೊದಲ ವರ್ಷದ ಶುಲ್ಕದ ದೊಡ್ಡ ಪಾಲನ್ನು ಕಟ್ಟಿದರೆ ಸೀಟು ಕಾದಿರಿಸಲಾಗುವುದು, ಇಲ್ಲವಾದರೆ ಆ ಸೀಟು ಬೇರೆಯವರ ಪಾಲಾಗುವುದು. ತಂದೆ ತಾಯಿ ಇಬ್ಬರೂ ಒಂದು ಸಂಜೆ ನಮ್ಮ ಜಗಲಿಗೆ ಬಂದರು. ತುಳುವಿನಲ್ಲಿ ಅವರು ಆಡಿದ ಮಾತನ್ನು ಕನ್ನಡದಲ್ಲಿ ಬರೆಯುತ್ತೇನೆ.

"ಮಾಸ್ಟ್ರೇ, ಕಟ್ಟದಿದ್ರೆ ಸೀಟು ಹೋಗ್ತದಂತೆ. ಕಟ್ಟಿದ ಮೇಲೆ ಇವಳಿಗೆ ಸರಕಾರದ್ದೇ ಸಿಕ್ಕಿದ್ರೆ ದುಡ್ಡು ಹೋಗ್ತದೆ. ಎಂತ ಮಾಡುದು, ನೀವೇ ಹೇಳಿ," ಎಂದರು ತಂದೆ.

ತಾಯಿ ಅಷ್ಟು ಹೊತ್ತು ಸುಮ್ಮನಿದ್ದವರು, "ಎಷ್ಟು ಮಾರ್ಕು ಅಂತ ಗೊತ್ತಾಗುವ ಮೊದಲೇ ದುಡ್ಡು ಕಟ್ಟುದಾದ್ರೆ ಇವಳು ರಾತ್ರಿಯಿಡೀ ಕೂತು ಓದುದು ಎಂತಕ್ಕೆ ಮಾಸ್ಟ್ರೇ?" ಎಂದು ಕೇಳಿದರು.

ಆ ಪ್ರಶ್ನೆಗೆ ಸಮರ್ಪಕವಾದ ಉತ್ತರ ನನ್ನಲ್ಲಿ ಅಂದೂ ಇರಲಿಲ್ಲ, ಇಂದೂ ಇಲ್ಲ. ಕಾಯೋಣವೆನ್ನುವ ಧೈರ್ಯ ಆ ಮನೆಗೆ ಬರಲಿಲ್ಲ, ಬರುವುದೂ ಹೇಗೆ? ಮಗಳ ವರ್ಷವೊಂದು ವ್ಯರ್ಥವಾದೀತೆಂಬ ಭಯದ ಮುಂದೆ ಯಾವ ತಂದೆಯ ತರ್ಕವೂ ನಿಲ್ಲುವುದಿಲ್ಲ. ತಾಯಿಯ ಬಳೆಗಳನ್ನು ಸೊಸೈಟಿಯಲ್ಲಿ ಅಡವಿಟ್ಟು, ಮಹಿಳಾ ಸಂಘದಿಂದ ಸಾಲವೆತ್ತಿ, ಹಣ ಕಟ್ಟಿದರು. ಸಂಸ್ಥೆಯವರು ಹಣದೊಡನೆ ಎಸ್. ಎಸ್. ಎಲ್. ಸಿ.ಯ ಮೂಲ ಅಂಕಪಟ್ಟಿಯನ್ನೂ ಇರಿಸಿಕೊಂಡರು. ಮುಂದೆ ಹುಡುಗಿಗೆ ಸಿ. ಇ. ಟಿ.ಯಲ್ಲಿ ನಮ್ಮೆಲ್ಲರ ನಿರೀಕ್ಷೆಯನ್ನು ಮೀರಿದ ರ‍್ಯಾಂಕ್ ಬಂತು. ಸಂತೋಷಪಡಬೇಕಾದ ಆ ದಿನವೇ ಮನೆಯಲ್ಲಿ ಚಿಂತೆ ಹೊಕ್ಕಿತು: ಕೌನ್ಸೆಲಿಂಗಿಗೆ ಮೂಲ ಅಂಕಪಟ್ಟಿ ಬೇಕು, ಅದು ಅಲ್ಲಿದೆ; ಸೀಟು ಆರಿಸಿಕೊಂಡೊಡನೆ ಕಟ್ಟಲು ಹಣ ಬೇಕು, ಅದೂ ಅಲ್ಲಿಯೇ ಇದೆ; ಕಡಲು ಮುಚ್ಚುವ ಕಾಲ ಬಂದಿದೆ.

ಕಡಲಿನ ಈ ಸಂಗತಿಯನ್ನು ಘಟ್ಟದ ಮೇಲಿನ ಓದುಗರಿಗೆ ಸ್ವಲ್ಪ ವಿವರಿಸಬೇಕು. ಮೀನುಗಳು ಮರಿಮಾಡುವ ಮಳೆಗಾಲದಲ್ಲಿ ಯಾಂತ್ರಿಕ ದೋಣಿಗಳು ಸಮುದ್ರಕ್ಕಿಳಿಯಬಾರದೆಂಬ ನಿಷೇಧವುಂಟು. ಈಗ ಅದು ಜೂನ್ 1ರಿಂದ ಜುಲೈ 31ರವರೆಗೆ 61 ದಿನ. ಆಗ ದಿನಾಂಕಗಳು ಬೇರೆಯಾಗಿದ್ದರೂ ಮಳೆ ಬಲಿಯುವ ಹೊತ್ತಿಗೆ ದಕ್ಕೆ ಸ್ತಬ್ಧವಾಗುತ್ತಿದ್ದುದು ನಿಜ. ಪಾಲಿನ ಲೆಕ್ಕದಲ್ಲಿ ದುಡಿಯುವವನಿಗೆ ಆ ದಿನಗಳಲ್ಲಿ ಬಿಡಿಗಾಸಿನ ಹುಟ್ಟುವಳಿ ಇರುವುದಿಲ್ಲ. ಜಡಿಮಳೆಗೆ ಮಲ್ಲಿಗೆಯ ಮೊಗ್ಗೂ ಗಿಡದಲ್ಲೇ ಕೊಳೆಯುವುದು. ವರ್ಷದ ಬೇರೆ ಯಾವ ತಿಂಗಳಲ್ಲಿ ಕೇಳಿದ್ದರೂ ಕೊಡಬಲ್ಲ ಹಣವನ್ನು, ಕೊಡಲಾಗದ ತಿಂಗಳನ್ನೇ ಆರಿಸಿ ಕೇಳುತ್ತಾರೆ. ಯಾರೂ ಬೇಕೆಂದು ಹಾಗೆ ಮಾಡಿದ್ದಲ್ಲ. ಕೇಳುವವರಿಗೆ ಆ ಮನೆಯ ಪಂಚಾಂಗ ಕಣ್ಣಿಗೆ ಬಿದ್ದಿಲ್ಲ, ಅಷ್ಟೇ. ಬ್ಯಾಂಕಿನ ವಿದ್ಯಾಭ್ಯಾಸದ ಸಾಲಕ್ಕೆ ಹೋದರೆ ಪ್ರವೇಶವಾದ ಪತ್ರವನ್ನು ಮೊದಲು ತನ್ನಿರೆನ್ನುವರು. ಪ್ರವೇಶಪತ್ರ ಕೊಡುವವರು ಹಣವನ್ನು ಮೊದಲು ಕಟ್ಟಿರೆನ್ನುವರು. ಸಮುದಾಯದ ಸಂಘಗಳ ವಿದ್ಯಾರ್ಥಿವೇತನ ಬರುವುದು ಅಂಕಪಟ್ಟಿಗಳನ್ನೆಲ್ಲ ಪರಿಶೀಲಿಸಿದ ಮೇಲೆ, ಆಟಿಯೂ ಕಳೆದ ನಂತರ.

ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2007ರ ಏಪ್ರಿಲಿನಲ್ಲಿ ಒಂದು ಸಾರ್ವಜನಿಕ ಪ್ರಕಟಣೆಯನ್ನು ಹೊರಡಿಸಿತ್ತು: ತರಗತಿಗಳು ಆರಂಭವಾಗುವ ಮೊದಲೇ ಪ್ರವೇಶವನ್ನು ಬಿಟ್ಟುಕೊಟ್ಟ ವಿದ್ಯಾರ್ಥಿಗೆ 1,000 ರೂಪಾಯಿಗಿಂತ ಹೆಚ್ಚು ಮುರಿದುಕೊಳ್ಳದೆ ಉಳಿದ ಶುಲ್ಕವನ್ನು ಹಿಂದಿರುಗಿಸತಕ್ಕದ್ದು, ಮೂಲ ಪ್ರಮಾಣಪತ್ರಗಳನ್ನು ಇರಿಸಿಕೊಳ್ಳತಕ್ಕದ್ದಲ್ಲ. ಇದರ ಪ್ರತಿಯೊಂದನ್ನು ಸಂಪಾದಿಸಿ, ಹುಡುಗಿಯ ತಂದೆಯವರೊಡನೆ ಆ ಸಂಸ್ಥೆಗೆ ಹೋದೆ. ಬೆಳಗಿನಿಂದ ಸಂಜೆಯವರೆಗೆ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಕಳುಹಿಸಿದರು. ಕಡೆಗೆ ಅಂಕಪಟ್ಟಿಯನ್ನು ಕೊಟ್ಟರು; ಹಣದ ಬಗೆಗೆ, ಆ ಸ್ಥಾನ ಬೇರೆಯವರಿಂದ ಭರ್ತಿಯಾದ ಮೇಲೆ ನೋಡೋಣವೆಂದರು. ಹಿಂದಿರುಗುವ ಬಸ್ಸಿನಲ್ಲಿ ತಂದೆ ಒಂದು ಮಾತನ್ನೂ ಆಡಲಿಲ್ಲ. ಮರುದಿನ ಬೋಟಿನ ಧಣಿಗಳ ಬಳಿಗೆ ಹೋಗಿ, ಮುಂದಿನ ಋತುವಿನ ದುಡಿಮೆಯ ಮೇಲೆ ಮುಂಗಡ ತೆಗೆದುಕೊಂಡರು. ಮಗಳ ಒಂದು ವರ್ಷ ಉಳಿಯುವುದಕ್ಕಾಗಿ ತಮ್ಮ ಒಂದು ವರ್ಷವನ್ನು ಮುಂಚಿತವಾಗಿಯೇ ಮಾರಿದರು. ಮೊದಲ ಕಾಲೇಜಿಗೆ ಕಟ್ಟಿದ ಹಣದಲ್ಲಿ ಒಂದು ಭಾಗ ದೀಪಾವಳಿ ಕಳೆದ ಮೇಲೆ ಬಂತು. ಉಳಿದುದು ಬರಲೇ ಇಲ್ಲ. ಆ ನಡುವೆ ಬಳೆಗಳ ಮೇಲಿನ ಬಡ್ಡಿ ಬೆಳೆದಿತ್ತು.

ಆಯೋಗವು 2018ರಲ್ಲಿ ಈ ನಿಯಮವನ್ನು ಮತ್ತಷ್ಟು ವಿವರವಾಗಿ ಹೇಳಿತು. ಪ್ರವೇಶದ ಕಡೆಯ ದಿನಕ್ಕೆ ಹದಿನೈದು ದಿನ ಮೊದಲೇ ಬಿಟ್ಟವರಿಗೆ ಪೂರ್ಣ ಶುಲ್ಕ, ಆ ಹದಿನೈದು ದಿನಗಳ ಒಳಗೆ ಬಿಟ್ಟವರಿಗೆ ನೂರಕ್ಕೆ 90, ಕಡೆಯ ದಿನ ಕಳೆದು ಹದಿನೈದು ದಿನದೊಳಗಾದರೆ 80, ತಿಂಗಳೊಳಗಾದರೆ 50, ಆಮೇಲೆ ಏನೂ ಇಲ್ಲ. ಇಂಥ ನಿಯಮಗಳು ಇರುವುದು ಒಳ್ಳೆಯದೇ. ಆದರೆ ಹಿಂದಿರುಗಿ ಬರುವ ಹಣದ ಭರವಸೆ, ಕೊಡುವ ದಿನ ಕೈಯಲ್ಲಿ ಹಣವಿಲ್ಲದವನಿಗೆ ಏನು ಪ್ರಯೋಜನ? ಎರಡು ಕಡೆ ಏಕಕಾಲಕ್ಕೆ ಹಣವಿಡಬಲ್ಲವನಿಗೆ ಮಾತ್ರ ಆಯ್ಕೆಯ ಸ್ವಾತಂತ್ರ್ಯವಿರುವ ವ್ಯವಸ್ಥೆಯಲ್ಲಿ, ರ‍್ಯಾಂಕಿನ ಸಾಲಿಗೆ ಅಡ್ಡಲಾಗಿ ಇನ್ನೊಂದು ಸಾಲು ನಿರ್ಮಾಣವಾಗುತ್ತದೆ.

ಈ ಮುಂಗಡ ಪ್ರವೇಶವು ನಮ್ಮ ದೇಶವೊಂದರದೇ ರೋಗವಲ್ಲವೆಂದು ತಿಳಿದದ್ದು ನನ್ನ ತಂಗಿಯ ಮೊಮ್ಮಗಳಿಂದ. ಅವಳ ತಂದೆ ತಾಯಿ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾರೆ. ಅಲ್ಲಿ ಶರತ್ಕಾಲದ ನವೆಂಬರ್ ಆರಂಭದಲ್ಲಿಯೇ, ಉಳಿದವರಿಗಿಂತ ಎರಡು ತಿಂಗಳು ಮೊದಲು, ಒಂದೇ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕಿ, ಕರೆದರೆ ಖಂಡಿತ ಬರುವೆನು, ಬೇರೆ ಎಲ್ಲ ಅರ್ಜಿಗಳನ್ನೂ ಹಿಂತೆಗೆದುಕೊಳ್ಳುವೆನು ಎಂದು ವಿದ್ಯಾರ್ಥಿಯೂ ಪೋಷಕರೂ ರುಜು ಹಾಕುವ ಪದ್ಧತಿಯುಂಟು. ಉತ್ತರ ಡಿಸೆಂಬರ್ ನಡುವೆ ಬರುತ್ತದೆ. ಸಿಕ್ಕ ಆರ್ಥಿಕ ನೆರವು ಸಾಲದೆಂದಾದರೆ ಬಿಡುವ ಅವಕಾಶ ಇಟ್ಟಿದ್ದಾರೆ. ಆದರೆ ನಾಲ್ಕು ಕಡೆಯ ನೆರವನ್ನು ಹೋಲಿಸಿ ನೋಡುವ ಅವಕಾಶವಿಲ್ಲ. ನಮ್ಮ ಹುಡುಗಿ ರುಜು ಹಾಕಿದಳು, ಪ್ರವೇಶವೂ ಆಯಿತು. ಅವಳಷ್ಟೇ ಜಾಣೆಯಾದ ಅವಳ ಗೆಳತಿ, ತಾಯಿ ಅಂಗಡಿಯೊಂದರಲ್ಲಿ ದುಡಿಯುವವಳು, ಯಾರು ಎಷ್ಟು ನೆರವು ಕೊಡುವರೆಂದು ತಿಳಿಯಲು ವಸಂತದವರೆಗೆ ಕಾಯಬೇಕಾಯಿತು. "ಅಜ್ಜ, ನಾನು ಮೊದಲು ಕೇಳಿದೆ ಅಂತ ನಂಗೆ ಕೊಟ್ರಾ?" ಎಂದು ಮೊಮ್ಮಗಳು ದೂರವಾಣಿಯಲ್ಲಿ ನನ್ನನ್ನು ಕೇಳಿದಳು. ಮೊದಲು ಅರ್ಜಿ ಹಾಕಿದವರಿಗೆ ದೊರೆಯುವ ಅನುಕೂಲ, ಅವರ ಎಸ್. ಎ. ಟಿ. ಪರೀಕ್ಷೆಯಲ್ಲಿ 100 ಅಂಕ ಹೆಚ್ಚು ಪಡೆದುದಕ್ಕೆ ಸಮವೆಂದು 2003ರಲ್ಲಿ ಪ್ರಕಟವಾದ ಅಧ್ಯಯನಗ್ರಂಥವೊಂದು ಲೆಕ್ಕಹಾಕಿ ತೋರಿಸಿತ್ತು. ಹಾರ್ವರ್ಡ್ ಮತ್ತು ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯಗಳು, ಮುಂಗಡ ಪ್ರವೇಶದಿಂದ ಅನುಕೂಲಸ್ಥರಿಗೇ ಲಾಭವಾಗುತ್ತಿದೆಯೆಂದು ಒಪ್ಪಿ, 2006ರಲ್ಲಿ ಅದನ್ನು ಕೈಬಿಡುವುದಾಗಿ ಸಾರಿದವು; ಬೇರೆ ವಿದ್ಯಾಲಯಗಳಲ್ಲಿ ಹೆಚ್ಚಿನವು ಜೊತೆಗೂಡದೆ ಹೋದುದರಿಂದ 2011ರಲ್ಲಿ ಮರಳಿ ತಂದವು. ಆ ಎರಡು ಘೋಷಣೆಗಳಲ್ಲಿ ಮೊದಲನೆಯದನ್ನು ನಾನು ಹೆಚ್ಚು ಗೌರವಿಸುತ್ತೇನೆ.

ನಮ್ಮಲ್ಲಿ ಈ ಮುಂಗಡದ ಗಾಳಿ ಈಗ ಪದವಿಪೂರ್ವ ತರಗತಿಗಳಿಗೂ ಇಳಿದಿದೆ. ಇಲಾಖೆಯ ವೇಳಾಪಟ್ಟಿಯಂತೆ ಪ್ರವೇಶ ಆರಂಭವಾಗುವುದು ಹತ್ತನೆಯ ತರಗತಿಯ ಫಲಿತಾಂಶದ ನಂತರ. ಆದರೆ ಡಿಸೆಂಬರಿನಲ್ಲಿಯೇ ಪಿ. ಯು. ಸೀಟು "ಬುಕ್" ಮಾಡಿಸಿಯಾಯಿತೆಂದು ಹೇಳುವ ಪೋಷಕರನ್ನು ಉಡುಪಿಯ ಯಾವ ಮದುವೆಮನೆಯಲ್ಲಿಯೂ ಕಾಣಬಹುದು. ಹದಿನೈದು ವರ್ಷದ ಮಗುವಿಗೆ ತಾನು ಮುಂದೆ ಏನನ್ನು ಓದುವೆನೆಂಬುದು ಅದರ ಪರೀಕ್ಷೆಗೂ ಮುಂಚೆ ತೀರ್ಮಾನವಾಗಿರುತ್ತದೆ. ಇದರ ಬಗೆಗೆ ಇಷ್ಟೇ ಸಾಕು.

2024ರ ಸೆಪ್ಟೆಂಬರ್ 30ರಂದು ಸರ್ವೋಚ್ಚ ನ್ಯಾಯಾಲಯದಿಂದ ಬಂದ ಒಂದು ಆದೇಶವನ್ನು ಪತ್ರಿಕೆಯಲ್ಲಿ ಓದಿದ ದಿನ ನಾನು ಅದನ್ನು ಕತ್ತರಿಸಿ ಇಟ್ಟುಕೊಂಡೆ. ಉತ್ತರಪ್ರದೇಶದ ಮುಜಫ್ಫರನಗರ ಜಿಲ್ಲೆಯ ಹಳ್ಳಿಯೊಂದರ ದಲಿತ ವಿದ್ಯಾರ್ಥಿ. ತಂದೆ ದಿನಗೂಲಿ ದುಡಿಯುವವರು. ಧನ್‌ಬಾದಿನ ಐ. ಐ. ಟಿ.ಯಲ್ಲಿ ಆತನಿಗೆ ವಿದ್ಯುತ್ ಇಂಜಿನಿಯರಿಂಗ್ ಸ್ಥಾನ ದೊರಕಿತ್ತು. ಕಟ್ಟಬೇಕಾದದ್ದು 17,500 ರೂಪಾಯಿ. ಗಡುವು ಜೂನ್ 24ರ ಸಂಜೆ 5 ಗಂಟೆ. ಹಣ ಕೂಡುವಷ್ಟರಲ್ಲಿ ಗಂಟೆ ಮೀರಿತು, ಸ್ಥಾನ ಹೋಯಿತು. ಹಲವು ಬಾಗಿಲುಗಳನ್ನು ಬಡಿದು ದೆಹಲಿಗೆ ಬಂದ ಆ ಹುಡುಗನಿಗಾಗಿ, ಮುಖ್ಯ ನ್ಯಾಯಾಧೀಶ ಡಿ. ವೈ. ಚಂದ್ರಚೂಡರ ಪೀಠವು ಸಂವಿಧಾನದ 142ನೆಯ ವಿಧಿಯ ವಿಶೇಷಾಧಿಕಾರವನ್ನು ಬಳಸಿ, ಬೇರೆ ಯಾರ ಸ್ಥಾನಕ್ಕೂ ಧಕ್ಕೆ ಬಾರದಂತೆ ಹೆಚ್ಚುವರಿ ಸ್ಥಾನವೊಂದನ್ನು ಸೃಷ್ಟಿಸಿ ಸೇರಿಸಿಕೊಳ್ಳಬೇಕೆಂದು ಆಜ್ಞಾಪಿಸಿತು. ಓದಿ ಮುಗಿಸಿದಾಗ ಕಣ್ಣು ತುಂಬಿ ಬಂದಿತು. ಜೊತೆಗೇ ಕಿದಿಯೂರಿನ ಗೆಳೆಯನ ಅಚ್ಚಿನ ಕಾರ್ಡು ನೆನಪಾಯಿತು. ಒಂದು ಸಂಜೆಯ ಗಡುವನ್ನು ಸರಿಪಡಿಸುವುದಕ್ಕೆ ದೇಶದ ಅತ್ಯುನ್ನತ ನ್ಯಾಯಪೀಠವೇ ಕುಳಿತುಕೊಳ್ಳಬೇಕಾದರೆ, ಅಲ್ಲಿಯವರೆಗೆ ಹೋಗಲಾರದವರ ಸಂಖ್ಯೆ ಎಷ್ಟಿರಬೇಕು!

ಕಡೆಕಾರಿನ ಆ ಹುಡುಗಿ ಸರಕಾರಿ ಶುಲ್ಕದ ಸ್ಥಾನದಲ್ಲಿಯೇ ಓದಿ ಇಂಜಿನಿಯರಳಾದಳು. ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಳೆ. ಕೆಲವು ವರ್ಷಗಳ ಹಿಂದೆ ಊರಿಗೆ ಬಂದವಳು ನನ್ನೆದುರು ಕುಳಿತು, "ಮಾಸ್ಟ್ರೇ, ದಾನ ಕೊಡುದು ಬೇಡ. ಜೂನಿಗೆ ಕೊಟ್ಟು ನವೆಂಬರಿಗೆ ವಾಪಾಸು ತೆಗೊಳ್ಳುವ ಹಾಗೆ ಎಂತಾದ್ರೂ ಮಾಡುವ," ಎಂದಳು. ಅವಳ ಲೆಕ್ಕ ಸರಿಯಾಗಿತ್ತು: ಆಗಸ್ಟಿನಲ್ಲಿ ಬೋಟುಗಳು ಹೊರಡುತ್ತವೆ, ವಿದ್ಯಾರ್ಥಿವೇತನಗಳು ಬರುತ್ತವೆ, ಬ್ಯಾಂಕಿನ ಸಾಲ ಮಂಜೂರಾಗುತ್ತದೆ, ನವೆಂಬರಿಗೆ ಪೈರು ಕೈಗೆ ಬಂದಿರುತ್ತದೆ, ಬೇಕಾದದ್ದು ನಡುವಿನ ಆ ನಾಲ್ಕೈದು ತಿಂಗಳನ್ನು ದಾಟಿಸುವ ಕೈಗಡ ಮಾತ್ರ. ಅವಳೂ ಅವಳ ಸಹಪಾಠಿಗಳೂ ನಾವು ಕೆಲವು ಹಳೆಯ ಅಧ್ಯಾಪಕರೂ ಕೂಡಿ ಹಾಗೊಂದು ನಿಧಿಯನ್ನು ನಡೆಸುತ್ತಿದ್ದೇವೆ. ಬಡ್ಡಿಯಿಲ್ಲ, ಜಾಮೀನಿಲ್ಲ, ಸೀಟು ಹಂಚಿಕೆಯ ಪತ್ರ ತೋರಿಸಿದ ದಿನವೇ ಹಣ. ಫಲಿತಾಂಶಕ್ಕೆ ಮುಂಚೆ ಮುಂಗಡ ಕೇಳುವ ಸಂಸ್ಥೆಗಳಿಗೆ ಕಟ್ಟುವುದಕ್ಕೆ ಕೊಡಕೂಡದೆಂದು ನಾನು ಹಟ ಹಿಡಿದೆ, ಅವಳು ಒಪ್ಪಲಿಲ್ಲ. "ಹೆದರಿದ ಅಪ್ಪ ಅಮ್ಮನಿಗೆ ಇಲ್ಲ ಅನ್ನುದು ಹೇಗೆ ಮಾಸ್ಟ್ರೇ?" ಎಂದು ಕೇಳಿದಳು. ಈ ಚರ್ಚೆ ಪ್ರತಿ ಏಪ್ರಿಲಿನಲ್ಲಿ ನಮ್ಮ ಸಭೆಯಲ್ಲಿ ಪುನಃ ಏಳುತ್ತದೆ, ಇನ್ನೂ ತೀರ್ಮಾನವಾಗಿಲ್ಲ; ಹೋದ ಸಲ ಇಬ್ಬರಿಗೆ ಕೊಟ್ಟೆವು, ಅವರಲ್ಲಿ ಒಬ್ಬನ ಮುಂಗಡವನ್ನು ಬಿಡಿಸಿಕೊಳ್ಳಲು ಬರೆಯಬೇಕಾದ ಕಾಗದದ ಕರಡು ನನ್ನ ಮೇಜಿನ ಮೇಲಿದೆ.